ಯೋಗವೂ ಕ್ಷೇಮವೂ

‘ಯೋಗಕ್ಷೇಮ’ವೆಂಬುದನ್ನು ನಾವು ನಿತ್ಯವ್ಯವಹಾರದಲ್ಲಿ ಒಂದೇ ಶಬ್ದವೆಂಬಂತೆ ಬಳಸುತ್ತೇವೆ. ಬಹುದಿನಗಳ ಮೇಲೆ ಕಂಡ ನೆಂಟರ ಯೋಗಕ್ಷೇಮವನ್ನು ವಿಚಾರಿಸುತ್ತೇವೆ. ಅವರು ‘ಎಲ್ಲ ಸೌಖ್ಯ’ ಎಂದರೆ ಅಲ್ಲಿಗೆ ಆ ಮಾತು ಮುಗಿಯಿತು. ಆದರೆ ಅದು ಎರಡು ಪದಗಳು ಕೂಡಿದ ಸಮಾಸವೆಂದೂ, ಆ ಎರಡಕ್ಕೂ ಬೇರೆ ಬೇರೆ ಅರ್ಥವಿರುವುದೆಂದೂ ಬಾಲ್ಯದಲ್ಲಿ ಪಾಠಶಾಲೆಯ ಗುರುಗಳು ನಮಗೆ ಹೇಳಿಕೊಟ್ಟಿದ್ದರು. ಇಲ್ಲದುದನ್ನು ಪಡೆಯುವುದು ಯೋಗ. ಪಡೆದುದನ್ನು ಕೆಡದಂತೆ ಕಾಪಾಡುವುದು ಕ್ಷೇಮ. ಲೋಕವು ಈ ಎರಡನ್ನೂ ಸಮನಾಗಿ ಆದರಿಸುವುದಿಲ್ಲ. ಕೆರೆಯನ್ನು ಕಟ್ಟಿಸಿದವನ ಹೆಸರು ಕಲ್ಲಿನ ಮೇಲೆ ನಿಲ್ಲುವುದು. ವರ್ಷವರ್ಷವೂ ಅದರ ಹೂಳನ್ನೆತ್ತಿದವರ ಹೆಸರು ಯಾರಿಗೂ ತಿಳಿಯದು. ಕಾವ್ಯವನ್ನು ಬರೆದವನು ಕವಿಯೆನಿಸುವನು. ಅದನ್ನು ಇಪ್ಪತ್ತು ತಲೆಮಾರು ಹುಳುವಿಗೂ ಬೆಂಕಿಗೂ ಸಿಕ್ಕದಂತೆ ಉಳಿಸಿದವರಿಗೆ ಒಂದು ಬಿರುದೂ ಇಲ್ಲ.

ಕಾಪಾಡುವುದು ದೊಡ್ಡ ಕೆಲಸವೆಂದು ಒಪ್ಪುವವರೂ ಒಂದು ಪ್ರಶ್ನೆಯ ಮುಂದೆ ತಡೆದು ನಿಲ್ಲುವರು. ತನ್ನದನ್ನು ಕಾಯುವುದು ಸಹಜ. ತನಗೆ ಬೆಲೆ ತಿಳಿದುದನ್ನು ಕಾಯುವುದೂ ಸಹಜ. ತನ್ನದಲ್ಲದುದನ್ನು, ತನಗೆ ಅರ್ಥವೇ ಆಗದುದನ್ನು, ಕಾಯುವ ಹೊಣೆ ಮನುಷ್ಯನಿಗೆ ಉಂಟೆ? ಈ ಪ್ರಶ್ನೆಯು ನನಗೆ ಗ್ರಂಥಾವಲೋಕನದಿಂದ ಹುಟ್ಟಿದುದಲ್ಲ. ಕೆಲವು ವರ್ಷಗಳ ಹಿಂದೆ ರಾಜಸ್ಥಾನದ ಮರುಭೂಮಿಯ ನಡುವಣ ಜೈಸಲ್ಮೇರ್ ನಗರದಲ್ಲಿ ನಾಲ್ಕು ದಿವಸ ಕಾಲ್ನಡಿಗೆಯಿಂದ ತಿರುಗಿದಾಗ ಅದು ನನ್ನೆದುರಿಗೆ ಬಂದಿತು. ಅದರ ಹಿಂದೆ ನನ್ನದೇ ಒಂದು ತಪ್ಪು ನಿಂತಿದ್ದಿತು. ಆ ಎರಡನ್ನೂ ವಾಚಕರ ಮುಂದಿಡಬೇಕೆಂದು ಈ ಲೇಖನ.

ಆ ನಗರವನ್ನು ಭಾಟಿ ರಜಪೂತರ ರಾವಲ್ ಜೈಸಲನು 1156ರಲ್ಲಿ ಸ್ಥಾಪಿಸಿದನು. ತ್ರಿಕೂಟವೆಂಬ ಬೆಟ್ಟದ ಮೇಲೆ ಕೋಟೆ. ಕೋಟೆಗೆ ತೊಂಬತ್ತೊಂಬತ್ತು ಕೊತ್ತಲಗಳು. ಎಲ್ಲವೂ ಹಳದಿ ಬಣ್ಣದ ಕಲ್ಲು. ಇಳಿಬಿಸಿಲಿನಲ್ಲಿ ಕೋಟೆಯು ಹೊನ್ನಿನಂತೆ ಹೊಳೆಯುವುದರಿಂದ ಜನರು ಅದನ್ನು ‘ಸೋನಾರ್ ಕಿಲಾ’ ಎನ್ನುವರು. ಯುನೆಸ್ಕೋ ಸಂಸ್ಥೆಯು 2013ರಲ್ಲಿ ವಿಶ್ವಪರಂಪರೆಯ ಪಟ್ಟಿಗೆ ಸೇರಿಸಿದ ರಾಜಸ್ಥಾನದ ಆರು ಗಿರಿದುರ್ಗಗಳಲ್ಲಿ ಇದೂ ಒಂದು. ಯಾತ್ರಿಕರು ಸಾಮಾನ್ಯವಾಗಿ ಅರಮನೆಯನ್ನೂ, ಪಟವಾ ವರ್ತಕರ ಹವೇಲಿಗಳನ್ನೂ ನೋಡಿ, ಸಂಜೆ ಮರಳುದಿಬ್ಬಗಳ ಮೇಲೆ ಒಂಟೆಯೇರಿ ಹಿಂದಿರುಗುವರು. ಹವೇಲಿಗಳು ನೋಡತಕ್ಕವೇ ಸರಿ. ಕಲ್ಲನ್ನು ಕಸೂತಿಯಂತೆ ಕೊರೆದ ಅಂತಹ ಗವಾಕ್ಷಗಳನ್ನು ನಾನು ಬೇರೆಲ್ಲಿಯೂ ಕಂಡಿಲ್ಲ. ಆದರೆ ಅವೆಲ್ಲ ಯೋಗದ ಸ್ಮಾರಕಗಳು. ಕ್ಷೇಮದ ಗುರುತುಗಳನ್ನು ಕಾಣಬೇಕಾದರೆ ಹೆಬ್ಬಾಗಿಲನ್ನು ಬಿಟ್ಟು ಸಂದುಗೊಂದುಗಳಲ್ಲಿ ನಡೆಯಬೇಕು.

ಅಖೈ ಪೋಲ್, ಸೂರಜ್ ಪೋಲ್, ಗಣೇಶ ಪೋಲ್, ಹವಾ ಪೋಲ್ ಎಂಬ ನಾಲ್ಕು ಬಾಗಿಲುಗಳನ್ನು ಸುತ್ತಿ ಸುತ್ತಿ ಹತ್ತಿದರೆ ದಸರಾ ಚೌಕವೆಂಬ ಬಯಲು ಸಿಕ್ಕುವುದು. ಅಲ್ಲಿಂದ ಎತ್ತ ತಿರುಗಿದರೂ ಗಲ್ಲಿಗಳೇ. ಈ ಕೋಟೆಯು ಬರಿದಾದುದಲ್ಲ. ಸಾವಿರಾರು ಜನರು ಇಂದಿಗೂ ಒಳಗೆ ಸಂಸಾರ ಮಾಡಿಕೊಂಡಿದ್ದಾರೆ. ಅವರ ಕೇರಿಗಳಿಗೆ ‘ಪಾಡಾ’ ಎಂದು ಹೆಸರು: ವ್ಯಾಸ ಪಾಡಾ, ಕುಂಡ ಪಾಡಾ, ಢೂಂಢಾ ಪಾಡಾ. ಮನೆಗಳು ಒಂದರ ನೆರಳನ್ನು ಒಂದು ಹಂಚಿಕೊಂಡು ನಿಂತಿವೆ; ಎರಡು ಕೈ ಚಾಚಿದರೆ ಎರಡು ಗೋಡೆಗಳೂ ತಾಕುವಷ್ಟು ಕಿರಿದಾದ ಓಣಿಗಳುಂಟು. ಅನೇಕ ಬಾಗಿಲುಗಳ ಪಕ್ಕದ ಗೋಡೆಯ ಮೇಲೆ ಗಣಪತಿಯ ಚಿತ್ರವನ್ನು ಬಣ್ಣದಲ್ಲಿ ಬರೆದು, ಕೆಳಗೆ ಆ ಮನೆಯಲ್ಲಿ ನಡೆದ ಮದುವೆಯ ವಧೂವರರ ಹೆಸರನ್ನೂ ತಿಥಿಯನ್ನೂ ಬರೆದಿರುತ್ತಾರೆ. ಮದುವೆಯು ಮುಗಿದ ಮೇಲೆ ಅದನ್ನು ಅಳಿಸುವ ವಾಡಿಕೆಯಿಲ್ಲ. ಬಿಸಿಲಿಗೆ ತಾನಾಗಿ ಮಾಸಬೇಕು. ಬಣ್ಣ ಪೂರ್ತಿ ಹಾರಿ, ಸೊಂಡಿಲಿನ ಒಂದು ಗೆರೆ ಮಾತ್ರ ಉಳಿದ ಗೋಡೆಯೊಂದರ ಮುಂದೆ ನಾನು ಬಹಳ ಹೊತ್ತು ನಿಂತಿದ್ದೆನು.

ಈ ಕೋಟೆಯ ವೀರಗಾಥೆಯನ್ನು ಹೇಳುವವರು ‘ಎರಡೂವರೆ ಸಾಕಾ’ಗಳ ಮಾತನ್ನು ಮೊದಲು ಎತ್ತುವರು. ಮುತ್ತಿಗೆಯು ಬಿಗಿದು ಗೆಲ್ಲುವ ಆಸೆಯು ಉಳಿಯದಿದ್ದಾಗ ಸ್ತ್ರೀಯರು ಬೆಂಕಿಗೆ ಬಿದ್ದು, ಪುರುಷರು ಬಾಗಿಲು ತೆರೆದು ಹೊರಬಿದ್ದು ಮಡಿದ ಕಥೆಗಳವು. ಸಾಯುವುದಕ್ಕೆ ಹಾಡುಂಟು, ಅಳಿದ ಊರಿಗೆ ಮರಳಿ ಬಂದು, ಒಲೆ ಹೂಡಿ, ಬಾವಿಯನ್ನು ತೊಳೆದು, ಮತ್ತೆ ಬಾಳಲಾರಂಭಿಸಿದವರಿಗೆ ಹಾಡಿಲ್ಲ. ಆ ಹೆಸರಿಲ್ಲದವರು ಇಲ್ಲದಿದ್ದರೆ ವೀರರ ಹಾಡನ್ನು ಹಾಡುವುದಕ್ಕಾದರೂ ಯಾರು ಉಳಿಯುತ್ತಿದ್ದರು?

ಕೋಟೆಯೊಳಗೆ ಜೈನ ಬಸದಿಗಳ ಒಂದು ಗುಂಪು ಇದೆ. ಅವುಗಳಲ್ಲಿ ಸಂಭವನಾಥನ ಬಸದಿಯ ನೆಲದಡಿಯಲ್ಲಿ, ಹದಿನೈದನೆಯ ಶತಮಾನದಲ್ಲಿ ಜಿನಭದ್ರಸೂರಿಗಳು ನೆಲೆಗೊಳಿಸಿದ ಜ್ಞಾನಭಂಡಾರವಿರುವುದು. ತಾಳೆಯೋಲೆಯ ಮೇಲೆಯೂ ಕಾಗದದ ಮೇಲೆಯೂ ಬರೆದ ಹೊತ್ತಗೆಗಳು, ಕೆಲವು ಹನ್ನೊಂದನೆಯ ಶತಮಾನದವು, ಅಲ್ಲಿ ಉಳಿದು ಬಂದಿವೆ. ಒಣ ಹವೆಯೂ, ನೆಲಮಾಳಿಗೆಯ ತಂಪೂ, ಮರುಭೂಮಿಯ ದೂರವೂ ಅವನ್ನು ಕಾಪಾಡಿದವೆಂದು ಹೇಳುವುದುಂಟು. ಅದು ನಿಜ. ಆದರೆ ಹವೆಯು ಬಾಗಿಲಿಗೆ ಬೀಗವನ್ನು ಹಾಕುವುದಿಲ್ಲ. ಹಳೆಯ ವಸ್ತ್ರವನ್ನು ಬಿಚ್ಚಿ ಹೊಸ ವಸ್ತ್ರವನ್ನು ಸುತ್ತುವುದಿಲ್ಲ. ಅದನ್ನು ಮಾಡಿದವರು ಮನುಷ್ಯರು.

ಆ ಭಂಡಾರಕ್ಕೂ ನಮ್ಮ ನಾಡಿಗೂ ಒಂದು ನಂಟುಂಟು. 1874ರಲ್ಲಿ ಜರ್ಮನ್ ಪಂಡಿತರಾದ ಬ್ಯೂಲರರು ತರುಣರಾದ ಯಾಕೋಬಿಯವರೊಡನೆ ಜೈಸಲ್ಮೇರಿಗೆ ಬಂದರು. ಅಲ್ಲಿ ಅವರಿಗೆ ದೊರೆತ ಓಲೆಗಳಲ್ಲಿ ಬಿಲ್ಹಣ ಕವಿಯ ‘ವಿಕ್ರಮಾಂಕದೇವಚರಿತ’ವೊಂದು. ಕವಿಯು ಕಾಶ್ಮೀರದವನು, ಕಾವ್ಯನಾಯಕನು ನಮ್ಮ ಕಲ್ಯಾಣದಲ್ಲಿ 1076ರಿಂದ 1126ರವರೆಗೆ ಆಳಿದ ಚಾಲುಕ್ಯ ಆರನೆಯ ವಿಕ್ರಮಾದಿತ್ಯನು, ಎಂದರೆ ವಿಜ್ಞಾನೇಶ್ವರನು ಯಾರ ಆಶ್ರಯದಲ್ಲಿ ‘ಮಿತಾಕ್ಷರೆ’ಯನ್ನು ರಚಿಸಿದನೋ ಆ ಅರಸನು. ಹದಿನೆಂಟು ಸರ್ಗಗಳ ಆ ಕಾವ್ಯವನ್ನು ಬ್ಯೂಲರರು 1875ರಲ್ಲಿ ಮುಂಬಯಿಯಲ್ಲಿ ಅಚ್ಚು ಹಾಕಿಸಿದರು. ಕಲ್ಯಾಣದ ವೈಭವವು ಕಲ್ಯಾಣದಲ್ಲಿ ಉಳಿಯಲಿಲ್ಲ. ಆ ಕಾವ್ಯವು ಕವಿಯ ಮತವಾಗಲಿ ಅರಸನ ನಾಡಾಗಲಿ ತಮ್ಮದಲ್ಲದ ಜೈನ ಶ್ರಾವಕರ ನೆಲಮಾಳಿಗೆಯಲ್ಲಿ, ನೂರಾರು ಹರದಾರಿ ದೂರದ ಮರಳುಗಾಡಿನಲ್ಲಿ ಉಳಿಯಿತು. ನಾವು ನಮ್ಮ ಮಕ್ಕಳಿಗೆ ಚಾಲುಕ್ಯ ವಿಕ್ರಮನ ಕಥೆಯನ್ನು ಹೇಳುವಾಗ, ಅದರಲ್ಲಿ ಒಂದು ಪಾಲು ಆ ಶ್ರಾವಕರ ಋಣವೆಂಬುದನ್ನು ನೆನೆಯುತ್ತೇವೆಯೆ?

ಬಸದಿಯ ಮೆಟ್ಟಿಲಮೇಲೆ ಕುಳಿತಿದ್ದ ವೃದ್ಧ ಪರಿಚಾರಕರೊಬ್ಬರನ್ನು ನನಗೆ ತಿಳಿದ ಹಿಂದಿಯಲ್ಲಿ ಮಾತನಾಡಿಸಿದೆನು. “ಈ ಓಲೆಗಳನ್ನು ತಾವು ಓದಬಲ್ಲಿರಾ, ಮಹಾರಾಜ್?” ಎಂದು ಕೇಳಿದೆನು.

“ಇಲ್ಲ ಪಂಡಿತ್‌ಜೀ, ಆ ಅಕ್ಷರ ನನಗೆ ಬಾರದು. ನಮ್ಮ ತಂದೆಯವರಿಗೂ ಬರುತ್ತಿರಲಿಲ್ಲ” ಎಂದರು.

“ಹಾಗಾದರೆ ಅವುಗಳಲ್ಲಿ ಏನಿದೆಯೆಂಬುದು?”

“ಒಳ್ಳೆಯದೇ ಇರಬೇಕು. ಇಲ್ಲದಿದ್ದರೆ ಹಿರಿಯರು ಅಷ್ಟು ಕಷ್ಟಪಟ್ಟು ಬರೆಸುತ್ತಿದ್ದರೆ? ಕಾರ್ತಿಕ ಶುದ್ಧ ಪಂಚಮಿಯ ದಿವಸ ನಾವು ಜ್ಞಾನಕ್ಕೆ ಪೂಜೆ ಮಾಡುತ್ತೇವೆ. ಓದುವವರು ಎಂದಾದರೂ ಬರುತ್ತಾರೆ.”

ಅವರು ಇದನ್ನು ನನಗೆ ಉಪದೇಶವೆಂದು ಹೇಳಲಿಲ್ಲ. ಕೇಳಿದುದಕ್ಕೆ ಉತ್ತರ ಕೊಟ್ಟರು, ಅಷ್ಟೆ. ಆದರೆ ಆ ಮಾತಿನಿಂದ ನನ್ನ ಮುಖವು ತಗ್ಗಿತು. ಅದರ ಕಾರಣವನ್ನು ಈಗ ಹೇಳಬೇಕು.

ನನ್ನ ತಂದೆಯವರು ತೀರಿಕೊಂಡ ವರ್ಷ ನಮ್ಮ ಹಳೆಯ ಮನೆಯನ್ನು ಬಿಚ್ಚಿಸಬೇಕಾಯಿತು. ಅಟ್ಟದ ಮೇಲೆ, ಒಡೆದ ಕಡಾಯಿಗಳ ಹಿಂದೆ, ಎರಡು ಮರದ ಹಲಗೆಗಳ ನಡುವೆ ದಾರದಿಂದ ಕಟ್ಟಿದ ತಾಳೆಯೋಲೆಯ ಕಟ್ಟೊಂದು ಸಿಕ್ಕಿತು. ಅಜ್ಜನವರ ಕಾಲದ್ದೋ, ಅವರ ಅಜ್ಜನವರ ಕಾಲದ್ದೋ ತಿಳಿಯದು. ಲಿಪಿಯು ನಂದಿನಾಗರಿ. ಹತ್ತು ವರ್ಷ ಪಾಠಶಾಲೆಯಲ್ಲಿ ಸಂಸ್ಕೃತವನ್ನು ಓದಿದವನು ನಾನು. ಆ ಲಿಪಿಯನ್ನು ಕಲಿತಿರಲಿಲ್ಲ. ಅಂಚು ಹುಳು ತಿಂದಿತ್ತು. ಮೊದಲ ಓಲೆಯು ಇರಲಿಲ್ಲ. ಒಂದು ಸಂಜೆ ಕುಳಿತು ನೋಡಿ, ‘ಮಂತ್ರವೋ ಪುರಾಣವೋ, ಅಂತೂ ಅಚ್ಚಾಗಿ ಬಂದಿರತಕ್ಕದ್ದೇ ಆಗಿರಬೇಕು’ ಎಂದು ನಿಶ್ಚಯಿಸಿದೆನು. ಜೀರ್ಣವಾದ ಪವಿತ್ರವಸ್ತುವನ್ನು ಹರಿಯುವ ನೀರಿಗೆ ಬಿಡುವುದು ಸಂಪ್ರದಾಯವಷ್ಟೆ? ತಂದೆಯವರ ಅಸ್ಥಿಯನ್ನು ಬಿಡಲು ಹೋದ ದಿವಸವೇ ಆ ಕಟ್ಟನ್ನೂ ಕೊಂಡುಹೋಗಿ, ಅರಿಸಿನ ಕುಂಕುಮವನ್ನಿಟ್ಟು, ತುಂಗಭದ್ರೆಗೆ ಬಿಟ್ಟು ಕೈಮುಗಿದೆನು. ಪಾಪವನ್ನು ಮಾಡುತ್ತಿದ್ದೇನೆಂಬ ಶಂಕೆ ಬರಲಿಲ್ಲ. ಪುಣ್ಯವನ್ನು ಮಾಡಿದೆನೆಂಬ ತೃಪ್ತಿಯಿಂದ ಮನೆಗೆ ಬಂದು ಊಟ ಮಾಡಿದೆನು.

ಅದರಲ್ಲಿ ಏನಿತ್ತೋ ಇನ್ನು ಯಾರೂ ಹೇಳಲಾರರು. ಏನೂ ಇರದಿದ್ದಿರಬಹುದು. ಆದರೆ ನನ್ನ ತಪ್ಪು ಅದರ ಬೆಲೆಯನ್ನು ಅವಲಂಬಿಸಿದುದಲ್ಲ. ‘ನನಗೆ ತಿಳಿಯದು’ ಎಂಬುದರಿಂದ ‘ಇದು ಬೇಡ’ ಎಂಬ ತೀರ್ಮಾನಕ್ಕೆ ನಾನು ಹಾರಿದೆನಲ್ಲ, ತಪ್ಪು ಇರುವುದು ಅಲ್ಲಿ. ನನ್ನ ಅಜ್ಞಾನವನ್ನು ಆ ಓಲೆಗಳ ದೋಷವೆಂದು ಎಣಿಸಿದೆನು. ಅಕ್ಷರ ಬಾರದ ಆ ವೃದ್ಧರು ಅದೇ ಅಜ್ಞಾನದಿಂದ ತದ್ವಿರುದ್ಧವಾದ ತೀರ್ಮಾನಕ್ಕೆ ಬಂದಿದ್ದರು: ‘ನನಗೆ ತಿಳಿಯದು, ಆದಕಾರಣ ಇದನ್ನು ಕೆಡಿಸುವ ಅಧಿಕಾರ ನನಗಿಲ್ಲ.’ ತರ್ಕಶಾಸ್ತ್ರವನ್ನು ಓದಿದವನು ನಾನು. ಸರಿಯಾಗಿ ತರ್ಕಿಸಿದವರು ಅವರು.

ಇಲ್ಲಿ ಒಂದು ಆಕ್ಷೇಪ ಬರುವುದು. ಮುಚ್ಚಿಟ್ಟ ವಿದ್ಯೆಯು ಸತ್ತ ವಿದ್ಯೆಯಲ್ಲವೆ? ಆ ಭಂಡಾರದ ಬಾಗಿಲು ಬಹುಕಾಲ ಹೊರಗಿನವರಿಗೆ ಸುಲಭವಾಗಿ ತೆರೆಯುತ್ತಿರಲಿಲ್ಲ. ಅದರ ಒಂದು ಪಟ್ಟಿಯು ಬರೋಡೆಯಿಂದ ಪ್ರಕಟವಾದುದು 1923ರಲ್ಲಿ. ಮುನಿ ಪುಣ್ಯವಿಜಯರು ಅಲ್ಲಿ ನೆಲೆನಿಂತು ಓಲೆಗಳನ್ನು ಕ್ರಮಪಡಿಸಿ ಸಿದ್ಧಗೊಳಿಸಿದ ಸೂಚಿಯು ಅಚ್ಚಾದುದು 1972ರಲ್ಲಿ. ಅಷ್ಟು ಶತಮಾನಗಳ ಬೀಗವು ಕ್ಷೇಮವೊ, ಲೋಭವೊ? ನನಗೆ ತೋರುವ ಉತ್ತರವಿದು. ಲೋಭಿಯೂ ಕಾಯುವನು, ಕಾವಲುಗಾರನೂ ಕಾಯುವನು. ಲೋಭಿಯು ತನಗಾಗಿ, ಕಾವಲುಗಾರನು ಇನ್ನೂ ಬಾರದ ಒಬ್ಬನಿಗಾಗಿ. ಆ ಒಬ್ಬನು ಬಂದು ಬಾಗಿಲನ್ನು ತಟ್ಟಿದಾಗ ಯಾರು ಯಾರೆಂಬುದು ಗೊತ್ತಾಗುವುದು. ಬೀಗವನ್ನು ಹಾಕುವುದು ಕ್ಷೇಮದ ಅರ್ಧ. ಹೊತ್ತು ಬಂದಾಗ ತೆಗೆಯುವುದು ಉಳಿದ ಅರ್ಧ. ನಮ್ಮ ಮೂಡಬಿದಿರೆಯಲ್ಲಿಯೂ ಹೀಗೆಯೇ ಆಯಿತು. ಪ್ರಾಕೃತದ ಷಟ್ಖಂಡಾಗಮವೂ, ಅದಕ್ಕೆ ವೀರಸೇನಾಚಾರ್ಯರು ಬರೆದ ಧವಲಾ ಟೀಕೆಯೂ ಹಳಗನ್ನಡ ಲಿಪಿಯ ಓಲೆಗಳಲ್ಲಿ ಅಲ್ಲಿ ಶತಮಾನಗಳ ಕಾಲ ದರ್ಶನಕ್ಕೆ ಮಾತ್ರ ಸಲ್ಲುತ್ತಿದ್ದವು. 1939ರಿಂದ ಅವು ಅಚ್ಚಿನಲ್ಲಿ ಹೊರಬಂದಾಗ ದೇಶದ ಜೈನಲೋಕವೆಲ್ಲ ಕರ್ಣಾಟಕಕ್ಕೆ ಋಣಿಯಾಯಿತು. ಮೊದಲ ಅರ್ಧವು ನಡೆಯದಿದ್ದಲ್ಲಿ ಎರಡನೆಯ ಅರ್ಧದ ಮಾತೇ ಏಳುತ್ತಿರಲಿಲ್ಲ.

ಇನ್ನೊಂದು ಆಕ್ಷೇಪವು ಇದಕ್ಕಿಂತ ಬಲವಾದುದು. ಅದನ್ನು ನಾನು ಮರುದಿನ ಕೋಟೆಯ ಬುಡವನ್ನು ಹೊರಗಿನಿಂದ ಸುತ್ತುವಾಗ ಕಂಡೆನು. ಆ ಕಡೆಗೆ ಯಾತ್ರಿಕರು ಬರುವುದು ಕಡಿಮೆ. ಗೋಡೆಯ ಕಲ್ಲುಗಳು ಗಾರೆಯಿಲ್ಲದೆ ಒಂದಕ್ಕೊಂದು ಕಚ್ಚಿ ನಿಂತಿವೆ. ಬೆಟ್ಟದ ಒಡಲು ಗಟ್ಟಿಯಾದ ಬಂಡೆಯಲ್ಲ. ಮರಳುಗಲ್ಲು, ಜೇಡಿಗಳ ಪದರಗಳು. ವರ್ಷಕ್ಕೆ ಸರಾಸರಿ ಏಳೆಂಟು ಅಂಗುಲವನ್ನು ಮೀರದ ಮಳೆಗೆ ತಕ್ಕಂತೆ ಕಟ್ಟಿದ ಊರು ಅದು. ನೀರನ್ನು ಕೆಳಗಿನಿಂದ ತಲೆಯ ಮೇಲೆ ಹೊತ್ತು ತರುತ್ತಿದ್ದ ಕಾಲದಲ್ಲಿ ಚೆಲ್ಲುವ ನೀರೆಂಬುದೇ ಇರಲಿಲ್ಲ. ಕೊಳಾಯಿಗಳು ಬಂದುವು, ವಸತಿಗೃಹಗಳು ಹೆಚ್ಚಿದುವು, ಬಳಸಿ ಬಿಟ್ಟ ನೀರು ಒಳಗೊಳಗೇ ಇಂಗಿ ಜೇಡಿಯನ್ನು ನೆನೆಸಿತು. 1996ರಲ್ಲಿ ವಿಶ್ವ ಸ್ಮಾರಕ ನಿಧಿಯವರು ಈ ಕೋಟೆಯನ್ನು ಅಪಾಯಕ್ಕೀಡಾದ ಸ್ಥಳಗಳ ಪಟ್ಟಿಗೆ ಸೇರಿಸಿದರು. ಆ ದಶಕದಲ್ಲಿ ಕೆಲವು ಕೊತ್ತಲಗಳು ಕುಸಿದು ಪ್ರಾಣಹಾನಿಯೂ ಆಯಿತು. ಶತ್ರುಗಳ ಮುತ್ತಿಗೆಗಳನ್ನು ಕಂಡ ಗೋಡೆಗೆ ಬಚ್ಚಲ ನೀರೇ ವೈರಿಯಾಯಿತು.

ಹಾಗಾದರೆ ಗೋಡೆಯನ್ನು ಕಾಯಲು ಜನರನ್ನು ಹೊರಡಿಸಬೇಕೆ? ಕಲ್ಲಿನ ಕ್ಷೇಮಕ್ಕಾಗಿ ಒಬ್ಬ ಗೃಹಿಣಿಯು ಮನೆಯ ಕೊಳಾಯಿಯನ್ನು ಬಿಟ್ಟು ಮತ್ತೆ ಕೊಡ ಹೊರಬೇಕೆಂದು, ಎರಡು ದಿವಸಕ್ಕೆ ನೋಡಲು ಬಂದ ನಾನು ಹೇಳಬಹುದೆ? ಹಾಗೆ ಹೇಳುವುದು ಅಧರ್ಮವೆಂದೇ ನನ್ನ ಅಭಿಪ್ರಾಯ. ಕಾಯುವ ಕಷ್ಟವನ್ನು ಒಬ್ಬರ ಮೇಲೆ ಹೊರಿಸಿ, ನೋಡುವ ಸುಖವನ್ನು ಮಾತ್ರ ತಾನು ಉಣ್ಣುವವನಿಗೆ ಪರಂಪರೆಯ ಮಾತನ್ನಾಡಲು ಬಾಯಿಲ್ಲ. ಆ ನೀರನ್ನು ಚೆಲ್ಲಿದವರಲ್ಲಿ ನಾನೂ ಒಬ್ಬನು. ಕೋಟೆಯೊಳಗಿನ ವಸತಿಯಲ್ಲಿಯೇ ಇಳಿದು, ಎರಡು ಹೊತ್ತು ಸ್ನಾನ ಮಾಡಿದ್ದೆನು. ಉಳಿದ ಎರಡು ರಾತ್ರಿ ಬೆಟ್ಟದ ಕೆಳಗಿನ ಪೇಟೆಗೆ ಹೋಗಿ ಇಳಿದುಕೊಂಡೆನು. ಇದರಿಂದ ಕೋಟೆಯು ಉಳಿಯಿತೆಂದಲ್ಲ. ಕ್ಷೇಮದ ಹೊರೆಯಲ್ಲಿ ನೋಡುವವನ ಪಾಲೂ ಇದೆಯೆಂಬುದನ್ನು ಕಾಲಿಗೆ ಕಲಿಸಿದಂತಾಯಿತು.

ಮೂರನೆಯ ದಿವಸ ಬೆಳಗ್ಗೆ ಊರಿನ ಆಗ್ನೇಯಕ್ಕೆ ನಡೆದು ಗಡೀಸರ್ ಕೆರೆಗೆ ಹೋದೆನು. ಹದಿನಾಲ್ಕನೆಯ ಶತಮಾನದಲ್ಲಿ ರಾವಲ್ ಗಡಸಿಯ ಹೆಸರಿನಿಂದ ನಿಂತ ಈ ಕೆರೆಯೇ ಇಪ್ಪತ್ತನೆಯ ಶತಮಾನದವರೆಗೆ ಊರಿಗೆಲ್ಲ ನೀರು ಕೊಟ್ಟಿತು. ಈಗ ಅದಕ್ಕೆ ಇಂದಿರಾ ಗಾಂಧಿ ಕಾಲುವೆಯ ನೀರೂ ಬರುವುದು. ಕೆರೆಯನ್ನು ಅಗೆಯಿಸುತ್ತಿದ್ದಾಗ ಅರಸನು ಅದರ ಏರಿಯ ಮೇಲೆಯೇ ಕೊಲೆಯಾದನೆಂದೂ, ರಾಣಿ ವಿಮಲೆಯು ಸಹಗಮನ ಮಾಡದೆ ನಿಂತು ಆ ಕೆಲಸವನ್ನು ಪೂರೈಸಿದಳೆಂದೂ ಅಲ್ಲಿಯ ಐತಿಹ್ಯವನ್ನು ಅನುಪಮ ಮಿಶ್ರರು ಕೆರೆಗಳನ್ನು ಕುರಿತು 1993ರಲ್ಲಿ ಹಿಂದಿಯಲ್ಲಿ ಪ್ರಕಟಿಸಿದ ಪುಸ್ತಕದಲ್ಲಿ ಹೇಳಿದ್ದಾರೆ. ಸಹಗಮನಕ್ಕೆ ಸ್ವರ್ಗವನ್ನು ಹೇಳುತ್ತಿದ್ದ ಕಾಲದಲ್ಲಿ ಒಬ್ಬ ಹೆಂಗಸು ಅರ್ಧ ತೋಡಿದ ಮಣ್ಣಿನ ಗುಂಡಿಗಾಗಿ ಬದುಕಿ ಉಳಿದಳೆಂಬ ಈ ಕಥೆಯನ್ನು ನಾನು ಎಲ್ಲ ಸಾಕಾಗಳ ಕಥೆಗಿಂತ ಮೇಲೆಂದು ಎಣಿಸುವೆನು.

ಆ ಕೆರೆಗೆ ಹೋಗುವ ದಾರಿಯ ಹೆಬ್ಬಾಗಿಲಿಗೆ ‘ತೀಲೋನ್ ಕೀ ಪೋಲ್’ ಎಂದು ಹೆಸರು. ತೀಲೋನ್ ಎಂಬವಳು ಗಣಿಕೆ. ಅವಳು ಕಟ್ಟಿಸಿದ ಬಾಗಿಲ ಕೆಳಗೆ ಅರಮನೆಯವರು ನಡೆಯುವುದು ಹೇಗೆಂದು ಅದನ್ನು ತಡೆಯಲು ಹೊರಟರಂತೆ. ಅವಳು ಮೇಲೆ ಶ್ರೀಹರಿಯ ಗುಡಿಯೊಂದನ್ನಿರಿಸಿ ಬಾಗಿಲನ್ನು ಉಳಿಸಿಕೊಂಡಳೆಂದು ಊರವರು ಹೇಳುವರು. ಕಥೆಯಲ್ಲಿ ಎಷ್ಟು ನಿಜವೋ, ಬಾಗಿಲಂತೂ ನಿಂತಿದೆ. ದಾನಿಯ ಕುಲಶೀಲಗಳನ್ನು ತೂಗಿ ದಾನದ ಬೆಲೆ ಕಟ್ಟುವವರಿಗೆ ಅದು ಉತ್ತರ. ಕಾಪಾಡುವುದಕ್ಕೆ ವಂಶವೂ ಬೇಡ, ಪಾಂಡಿತ್ಯವೂ ಬೇಡ; ನಿಲ್ಲಬೇಕೆಂಬ ಮನಸ್ಸೊಂದು ಬೇಕು.

ಕೊನೆಯ ದಿವಸ ಬಾಡಿಗೆಯ ವಾಹನದಲ್ಲಿ ಕುಲಧರಾ ಎಂಬ ಪಾಳೂರಿಗೆ ಹೋದೆನು. ಪಾಲೀವಾಲ ಬ್ರಾಹ್ಮಣರು ನೆಲೆಸಿದ್ದ ಆ ಗ್ರಾಮವು ಹತ್ತೊಂಬತ್ತನೆಯ ಶತಮಾನದಲ್ಲಿ ಬರಿದಾಯಿತು. ದಿವಾನನಾದ ಸಾಲಿಮ್ ಸಿಂಹನ ಪೀಡೆಯನ್ನು ತಾಳದೆ ಎಲ್ಲರೂ ಒಂದೇ ರಾತ್ರಿ ಹೊರಟರೆಂದು ಜನರ ಮಾತು. ಬಾವಿಗಳು ಬತ್ತಿ ಕ್ರಮೇಣ ತೊರೆದರೆಂದು ಸಂಶೋಧಕರ ಮಾತು. ದಿವಾನನ ಹವೇಲಿಯು ಇಂದಿಗೂ ಪೇಟೆಯಲ್ಲಿ ನವಿಲಿನಂತೆ ಗರಿಗೆದರಿ ನಿಂತಿದೆ. ಇಲ್ಲಿ ಮಾಡಿಲ್ಲದ ಗೋಡೆಗಳ ಸಾಲು. ಆದರೆ ಪಾಲೀವಾಲರು ಒಂದನ್ನು ಬಿಟ್ಟುಹೋದರು. ಇಳಿಜಾರಿನ ಕೆಳಗೆ ಉದ್ದನೆಯ ಮಣ್ಣಿನ ಬದುವನ್ನು ಹಾಕಿ, ಹರಿದುಬಂದ ಮಳೆನೀರನ್ನು ತಡೆದು, ಅದು ಇಂಗಿದ ಮೇಲೆ ನೆಲದ ತೇವದಲ್ಲಿಯೇ ಗೋಧಿಯನ್ನು ಬಿತ್ತುವ ಕ್ರಮವದು. ‘ಖಡೀನ್’ ಎಂದು ಅದರ ಹೆಸರು. ಕಟ್ಟಿದವರು ಹೋದರು, ಅವರ ಕುಲಕ್ಕೆ ಸೇರದ ಬೇರೆ ಜನರು ಆ ಸೀಮೆಯ ಖಡೀನುಗಳ ಬದುಗಳಿಗೆ ಮಣ್ಣು ಹಾಕುತ್ತ ಇಂದಿಗೂ ಬೆಳೆ ತೆಗೆಯುತ್ತಿದ್ದಾರೆ. ಕಾಯುವವರಿದ್ದ ಬದು ಉಳಿಯಿತು, ಕಾಯುವವರಿಲ್ಲದ ಮನೆ ಹೋಯಿತು.

ನಾನು ಮೊದಲಲ್ಲಿ ಕೇಳಿದ ಪ್ರಶ್ನೆಗೆ ನನ್ನ ಉತ್ತರವನ್ನು ಹೀಗೆ ಹೇಳಬಹುದು. ಎಲ್ಲವನ್ನೂ ಉಳಿಸಲಾಗದು, ಗೋಡೆಯ ಮೇಲಿನ ಗಣಪತಿಯಂತೆ ಕೆಲವು ತಾವಾಗಿ ಮಾಸುವುವು, ಮಾಸಲಿ. ಆದರೆ ನಮ್ಮ ಕೈಯಲ್ಲಿರುವುದರ ಬೆಲೆಯು ನಮಗೆ ತಿಳಿಯದಿರುವಾಗ, ಅದನ್ನು ತಿಳಿದವರ ಕೈಗೆ ದಾಟಿಸುವವರೆಗೆ ಹಿಡಿದಿರುವುದು ನಮ್ಮ ಕರ್ತವ್ಯ. ಇದಕ್ಕೆ ದೊಡ್ಡ ತ್ಯಾಗವೇನೂ ಬೇಡ. 1905ರಲ್ಲಿ ಮೈಸೂರಿನ ಪ್ರಾಚ್ಯ ಪುಸ್ತಕ ಭಂಡಾರದಲ್ಲಿ ಶಾಮಶಾಸ್ತ್ರಿಗಳ ಕಣ್ಣಿಗೆ ಬಿದ್ದ ಕೌಟಿಲ್ಯನ ‘ಅರ್ಥಶಾಸ್ತ್ರ’ದ ಓಲೆಯನ್ನು ತಂಜಾವೂರು ಜಿಲ್ಲೆಯ ಪಂಡಿತರೊಬ್ಬರು ತಂದು ಒಪ್ಪಿಸಿದ್ದರು. ಅವರು ಮಾಡಿದುದು ಇಷ್ಟೆ: ನೀರಿಗೆ ಬಿಡಲಿಲ್ಲ.

ಊರಿಗೆ ಮರಳಿದ ಮೇಲೆ ನಾನು ದಾಯಾದಿಗಳ ಮನೆಗಳ ಅಟ್ಟವನ್ನು ಹತ್ತಿ ಇಳಿಯುತ್ತಿದ್ದೇನೆ. ಇದುವರೆಗೆ ಒಂದು ಸಣ್ಣ ಕಟ್ಟು ಸಿಕ್ಕಿದೆ. ಲಿಪಿಯು ಅದೇ ನಂದಿನಾಗರಿ. ಹೊಸ ಬಟ್ಟೆಯಲ್ಲಿ ಸುತ್ತಿಟ್ಟು, ಈ ವಯಸ್ಸಿನಲ್ಲಿ ಅಕ್ಷರಾಭ್ಯಾಸವನ್ನು ಆರಂಭಿಸಿದ್ದೇನೆ. ನಾನು ಓದಿ ಮುಗಿಸುವೆನೆಂಬ ಭರವಸೆಯಿಲ್ಲ. ಮುಗಿಯದಿದ್ದರೆ ಓದಬಲ್ಲವರಿಗೆ ಒಪ್ಪಿಸುವೆನು. ಈ ಪತ್ರಿಕೆಯ ವಾಚಕರಲ್ಲಿ ಹಳೆಯ ಮನೆಗಳುಳ್ಳವರು ಹಲವರಿರಬಹುದು. ಮನೆಯನ್ನು ಬಿಚ್ಚಿಸುವ ಮೊದಲು ಒಮ್ಮೆ ಅಟ್ಟವನ್ನು ನೋಡಬೇಕೆಂದು ಅವರಲ್ಲಿ ನನ್ನ ಬಿನ್ನಹ.